ಬಾಯಿ ಕಟ್ಟಿದ ಮನೆಯ ಕಂಪ್ಯೂಟರು

“ಇವರು ನಮ್ಮ ಶಾಲೆಯ ರತ್ನ,” ಎಂದರು ನಿವೃತ್ತ ಹೆಡ್‌ಮಾಸ್ತರ ಚನ್ನವೀರಪ್ಪನವರು, ಪಡಸಾಲೆಯಲ್ಲಿ ಕೂತ ಅಷ್ಟೂ ಜನಕ್ಕೆ ಕೇಳುವ ಹಾಗೆ. “ಎಂಟನೆಯ ಇಯತ್ತೆಯಲ್ಲಿ ಎರಡು ವರ್ಷ ಕುಳಿತರು. ಮೂರನೆಯ ವರ್ಷ ಬೆಂಚೇ ಬೇಸತ್ತು ಇವರನ್ನು ಎಬ್ಬಿಸಿ ಕಳಿಸಿತು. ಈಗ ನಮ್ಮ ಕಂಪ್ಯೂಟರನ್ನು ಉದ್ಧರಿಸಲು ದಯಮಾಡಿಸಿದ್ದಾರೆ.”

ಪಕ್ಕದ ಮನೆಗಳಿಂದ ತಮಾಷೆ ನೋಡಲು ಬಂದಿದ್ದ ನಾಲ್ವರು ಕಿಸಕ್ಕೆಂದರು. ಶಾಂತಿ ಸಂಘದ ತೀರ್ಪುಗಾರ್ತಿ ವಾರಿಜಾಕ್ಷಿ ಮೇಡಂ ತುಟಿಯಲ್ಲಷ್ಟೇ ನಕ್ಕರು. ಜೋರಾಗಿ ನಕ್ಕರೆ ತಮ್ಮ ಕೈಯಲ್ಲಿದ್ದ ಸದ್ದುಮಾಪಕದ ಮುಳ್ಳು ಎದ್ದುಬಿಡುತ್ತಿತ್ತು. ಬಚ್ಚಲುಮನೆಯೊಳಗಿಂದಲೂ ಒಂದು ನಗೆ ಬಂತು, ಕೊಡದೊಳಗಿಂದ ಬಂದ ಹಾಗೆ. ಅದು ಇನ್ನೊಬ್ಬ ತೀರ್ಪುಗಾರ ಗುರಪ್ಪನವರದು. ಅವರು ಮುಕ್ಕಾಲು ತಾಸಿನಿಂದ ಒಳಗೇ ಸಿಕ್ಕಿಬಿದ್ದಿದ್ದರು.

ಫಕ್ಕೀರೇಶ ಹೂಗಾರನ ಸಿಟ್ಟು ಅಂಗಾಲಿನಲ್ಲಿ ಹುಟ್ಟಿ ನೆತ್ತಿಗೆ ಏರಿತು. ಬೇರೆ ದಿನವಾಗಿದ್ದರೆ ಬಾಯಿಯಿಂದ ಹೊರಗೂ ಬೀಳುತ್ತಿತ್ತು. ಆದರೆ ಅವನ ಲೈಸೆನ್ಸಿನ ಮೇಲೆ ಆಗಲೇ ಎರಡು ಕೆಂಪು ಚೀಟಿ ಬಿದ್ದಿದ್ದವು. ಎರಡೂ ಕೆಲಸ ಕೆಟ್ಟದ್ದಕ್ಕಲ್ಲ, ಎದುರು ಮಾತಾಡಿದ್ದಕ್ಕೆ. ಒಬ್ಬ ವಕೀಲರು ‘ಏ ಸ್ಕ್ರೂ’ ಎಂದು ಕರೆದಾಗ ‘ಏನ್ರಿ ನಟ್ಟು’ ಎಂದಿದ್ದ. ಒಬ್ಬ ಸಾಹೇಬರ ಹೆಂಡತಿ, ಚಪ್ಪಲಿ ಬಿಟ್ಟ ಮೇಲೂ ಕಾಲು ನೋಡಿ ಮುಖ ಸಿಂಡರಿಸಿದಾಗ, ‘ಕಾಲೂ ಬಿಚ್ಚಿಟ್ಟು ಬರ್ಲೇನ್ರಿ?’ ಎಂದು ಕೇಳಿದ್ದ. ಮೂರನೆಯ ಚೀಟಿ ಬಿದ್ದರೆ ಲೈಸೆನ್ಸು ಹೋಗುತ್ತದೆ. ಹೋದರೆ ಮತ್ತೆ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರಬೇಕು, ವರ್ಷದ ಹನ್ನೆರಡು ತಿಂಗಳೂ ಸೀನಬೇಕು. ಅವನು ಟೆಸ್ಟರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

ಗದಗಿನಲ್ಲಿ ಆಗ ಮನೆಗೊಂದು ಇಂಥ ಕಂಪ್ಯೂಟರಿತ್ತು. ತಂಬಿಟ್ಟಿನ ಡಬ್ಬಿಯಷ್ಟು ದೊಡ್ಡದು, ಜನ ಡಬ್ಬಿ ಎಂದೇ ಕರೆಯುತ್ತಿದ್ದರು. ಒಲೆ ಹಚ್ಚುವುದು, ನೀರು ಬಿಡುವುದು, ಬಾಗಿಲಿಗೆ ಕೀಲಿ ಹಾಕುವುದು ತೆಗೆಯುವುದು ಎಲ್ಲ ಅದರ ಪಾಲಿನ ಕೆಲಸ. ಒಮ್ಮೆ ಹಚ್ಚಿದರೆ ಯಾರೂ ಆರಿಸುತ್ತಿರಲಿಲ್ಲ. ಮಾಸ್ತರ ಮನೆಯ ಡಬ್ಬಿ ಆರು ವರ್ಷದಿಂದ ರೆಪ್ಪೆ ಮುಚ್ಚಿರಲಿಲ್ಲ.

ಇವತ್ತು ಮುಚ್ಚಿಸಿದವರು ಸ್ವತಃ ಮಾಸ್ತರರು. ಆ ವರ್ಷ ಊರಿಗೆ ಶಾಂತಿಯ ಹುಚ್ಚು ಹಿಡಿದಿತ್ತು. ಶಾಂತಿ ಸಂಘದವರು ಮೂರು ದಿನ ಮನೆಯಲ್ಲಿ ಕೂತು ಸದ್ದು ಅಳೆದು, ಎಲ್ಲಕ್ಕಿಂತ ಕಡಿಮೆ ಸದ್ದಿನ ಮನೆಗೆ ‘ಶಾಂತಗೃಹ’ ಎಂಬ ಹಿತ್ತಾಳೆ ಫಲಕ ಕೊಡುತ್ತಿದ್ದರು. ಇದು ಮೂರನೆಯ ದಿನ. ಗುರಪ್ಪನವರು ಬಚ್ಚಲುಮನೆಗೆ ಹೋಗಿದ್ದರು. ವಾರಿಜಾಕ್ಷಿ ಮೇಡಂ ಮಾಪಕವನ್ನು ಡಬ್ಬಿಯತ್ತ ತಿರುಗಿಸಿ, “ಇದರ ಫ್ಯಾನು ಸ್ವಲ್ಪ ಗೊಂಯ್ ಅನ್ನುತ್ತದಲ್ಲವೇ?” ಎಂದರು. ಅಷ್ಟೇ. ಮಾಸ್ತರರು ಗಂಟು ಬಿಚ್ಚುವವರ ಹಾಗೆ ಪ್ಲಗ್ಗು ಕಿತ್ತರು. ಗೊಂಯ್ ನಿಂತಿತು. ಬಚ್ಚಲುಮನೆಯ ಕೀಲಿ ಟಕ್ಕೆಂದಿತು. ಆಮೇಲೆ ಪ್ಲಗ್ಗು ಮತ್ತೆ ಹಾಕಿದರೆ ಡಬ್ಬಿ ಮೇಲೇಳಲಿಲ್ಲ.

ಫಕ್ಕೀರೇಶ ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿದ. ಪರದೆಯಲ್ಲಿ ಡಬ್ಬಿ ಕಂಪನಿಯ ಹುಬ್ಬಳ್ಳಿ ಪಾಲನಾ ಕೇಂದ್ರ ಕಂಡಿತು. ತಣ್ಣನೆಯ ಕೋಣೆ, ಇಪ್ಪತ್ತು ಕುರ್ಚಿ, ಇಪ್ಪತ್ತು ಕಾಫಿ ಲೋಟ. ಮುಂದಿನ ಕುರ್ಚಿಯಲ್ಲಿ ಇಂಜಿನಿಯರ್ ಅನಿರುದ್ಧ. ರಿಪೇರಿಯವರು ಅವನ ಪ್ರಶ್ನೆಗಳಿಗೆ ಉತ್ತರ ಕೊಡದೆ ಒಂದು ಸ್ಕ್ರೂ ತಿರುಗಿಸುವಂತಿರಲಿಲ್ಲ.

“ಪ್ರಶ್ನೆ ಒಂದು. ಪ್ಲಗ್ ಗೋಡೆಯಲ್ಲಿ ಇದೆಯಾ?”

“ಐತ್ರಿ.”

“ಪ್ರಶ್ನೆ ಎರಡು. ಗೋಡೆ ಇದೆಯಾ?”

“ಏನ್ರಿ?”

“ಪಟ್ಟಿಯಲ್ಲಿದೆಯಪ್ಪಾ, ಕೇಳಲೇಬೇಕು.”

“ಐತ್ರಿ. ಬಣ್ಣಾನೂ ಹಚ್ಚ್ಯಾರ.”

ನಲವತ್ತನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಊರಾಚೆಯ ಹೈಸ್ಕೂಲಿನ ಕರೆಂಟು ಗಂಟೆ ಬಾರಿಸಿತು. ಮಾಸ್ತರರು ಕೈಗಡಿಯಾರ ನೋಡಿ ಮೇಡಂಗೆ ಹೇಳಿದರು, “ಕೇಳಿದಿರಾ? ಸರಿಯಾಗಿ ಹನ್ನೆರಡು. ನಮ್ಮ ಶಾಲೆಯ ಗಂಟೆ ಒಂಬತ್ತು ವರ್ಷದಿಂದ ಒಂದು ನಿಮಿಷ ತಪ್ಪಿಲ್ಲ.” ಟೆಸ್ಟರಿನ ಮೇಲೆ ಫಕ್ಕೀರೇಶನ ಹಲ್ಲು ಕರ್ರೆಂದಿತು.

ಅನಿರುದ್ಧನ ಅಪ್ಪಣೆಯಂತೆ ಅವನು ಗುಂಡಿ ಒತ್ತಿದ. ಡಬ್ಬಿಯ ಹಣೆಯ ಮೇಲೆ ನೀಲಿ ದೀಪ ಹತ್ತಿತು. ಅದರ ಕೆಳಗೆ ಹತ್ತು ಪುಟ್ಟ ಗೆರೆಗಳು. ಏಳು ಗೆರೆ ತುಂಬಿದರೆ ಡಬ್ಬಿ ಏಳುತ್ತದೆ. ಒಂದು ಗೆರೆ ತುಂಬಿತು. ಒಂದೂವರೆ ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಕೆಂಪು ದೀಪ. ‘ಅಪರಿಚಿತ ಸ್ಥಳ. ಇನ್ನು ಎರಡು ಅವಕಾಶ.’

“ಅದು ಇದ್ದಲ್ಲೇ ಇದೆ! ಆರು ವರ್ಷದಿಂದ ಇದೇ ಗೂಡಿನಲ್ಲಿದೆ!” ಎಂದರು ಮಾಸ್ತರರು.

“ದಿಕ್ಕು ಹೇಳುವ ಚಿಪ್ ಹೋಗಿದೆ,” ಎಂದ ಅನಿರುದ್ಧ. “ಇನ್ನೆರಡು ಸಲ ಒತ್ತು. ಮೂರೂ ಸಲ ತಪ್ಪಿದರೆ, ಯಾರೋ ತನ್ನನ್ನು ಕದ್ದಿದ್ದಾರೆ ಅಂತ ಅದು ಒಳಗಿನದೆಲ್ಲ ಅಳಿಸಿಕೊಂಡು ಇಟ್ಟಿಗೆಯಾಗುತ್ತೆ. ಬಚ್ಚಲ ಬಾಗಿಲು ಒಡೆಸಿ ಹೊಸ ಡಬ್ಬಿ ಕೊಡೋಣ. ಫಕ್ಕೀರೇಶ್, ಇದು ನಿನ್ನ ಕೈಯಲ್ಲಿ ಕೆಟ್ಟದ್ದು ಅಂತ ದಾಖಲಾಗುತ್ತೆ. ಸಾರಿ.”

ಅಂದರೆ ಮೂರನೆಯ ಚೀಟಿ. ಫಕ್ಕೀರೇಶನಿಗೆ ಆಗಲೇ ಮೂಗಿನಲ್ಲಿ ಮೆಣಸಿನಕಾಯಿ ಘಾಟು ಬಂತು.

“ಒಂದೀಟು ನೀರು ಕುಡದು ಬರತೇನಿ,” ಎಂದು ಅಡುಗೆಮನೆಗೆ ಹೋದ. ಮಾಸ್ತರರ ಹೆಂಡತಿ ನೀಲವ್ವ, ಸೊಸೆ ದಾಕ್ಷಾಯಣಿ ಅಲ್ಲಿದ್ದರು.

“ಅತ್ತೆಯವರೇ, ಆ ತಂಬಿಗೆಯನ್ನು ದಯವಿಟ್ಟು ಕೊಡುವಿರಾ?”

“ಅಗತ್ಯವಾಗಿ ಕೊಡುವೆ ಮಗಳೇ.”

ಫಕ್ಕೀರೇಶ ತಲೆ ಎತ್ತಿ ಇಬ್ಬರನ್ನೂ ನೋಡಿದ. ಈ ಓಣಿಯಲ್ಲೇ ಹುಟ್ಟಿ ಬೆಳೆದವನು ಅವನು. ಈ ಇಬ್ಬರು ಬೆಳಗಿನ ಹೊತ್ತು ಬಾಯಿ ತೆಗೆದರೆ ಮೂರು ಮನೆ ಆಚೆ ಹಾಲು ಒಡೆಯುತ್ತಿತ್ತು. ದಾಕ್ಷಾಯಣಿ ಆಚೆ ಹೋದದ್ದೇ ನೀಲವ್ವ ಅವನ ತೋಳು ಹಿಡಿದು ಪಿಸುಗುಟ್ಟಿದಳು: “ಮೂರು ದಿನಾ ಆತೋ ತಮ್ಮಾ, ಬಾಯಿ ಕಟ್ಟಿ. ಮಾತು ಹೊಟ್ಟ್ಯಾಗ ಕುಂತು ಹುಳಿ ಆಗ್ಯಾವ. ಸುಡ್ಲಿ ಆ ಹಿತ್ತಾಳಿ ಫಲಕ. ಜೋಕಾಲಿಗೆ ಎಣ್ಣಿ ಬಿಟ್ಟಾರ, ಹಿತ್ತಲ ನಳಕ್ಕ ಹೊಸಾ ವಾಷರ್ ಹಾಕಿಸ್ಯಾರ, ಬಾಗಲಕ್ಕ ಗ್ರೀಸ್ ಬಡದಾರ. ನನಗರೆ ಇದು ನನ್ನ ಮನಿ ಅಂತ ಗುರುತ ಸಿಗವಲ್ದು.”

ತಂಬಿಗೆ ಅವನ ಬಾಯಿಯ ಹತ್ತಿರವೇ ನಿಂತಿತು. ಅವ್ವನಿಗೇ ಗುರುತು ಸಿಗದಿದ್ದರೆ ಡಬ್ಬಿಗೆ ಎಲ್ಲಿ ಸಿಕ್ಕೀತು?

ಅವನಿಗೆ ಬೆಟಗೇರಿಯ ನೇಕಾರ ಹುಲಿಗೆಪ್ಪನ ಮನೆ ನೆನಪಾಯಿತು. ಕಳೆದ ವರ್ಷ ಹುಲಿಗೆಪ್ಪ ಮಗ್ಗ ಮಾರಿದ ವಾರದಲ್ಲೇ ಅವನ ಡಬ್ಬಿ ಆರಿತ್ತು, ಏನು ಮಾಡಿದರೂ ಎದ್ದಿರಲಿಲ್ಲ. ಮಧ್ಯಾಹ್ನ ಗೋಡೆಯಾಚೆಯ ಮನೆಯವರು ತಮ್ಮ ಮಗ್ಗ ಹೂಡಿದರು. ಗೋಡೆ ಲಟಪಟ ಅನ್ನತೊಡಗಿತು. ಡಬ್ಬಿ ಒಂದೊಂದೇ ಗೆರೆ ತುಂಬಿಕೊಂಡು ಕಣ್ಣು ತೆರೆಯಿತು. ನಡುವೆ ನೋಡಲು ಬಂದ ಯಾರೋ ಮಾತಾಡಿದರೆ ಎರಡು ಗೆರೆ ಇಳಿಯುತ್ತಿದ್ದವು, ಸುಮ್ಮನಾದರೆ ಏರುತ್ತಿದ್ದವು. ಹುಲಿಗೆಪ್ಪ ಡಬ್ಬಿ ನೋಡುವುದು ಬಿಟ್ಟು ಗೋಡೆಗೆ ಕಿವಿ ಹಚ್ಚಿ ಕೂತಿದ್ದ.

ಡಬ್ಬಿ ಮಾಡಿದವರು ಸುಮ್ಮನೆ ಮಾಡಿರಲಿಲ್ಲ. ಕಳ್ಳರು ಹೆಬ್ಬೆರಳನ್ನು ನಕಲು ಮಾಡಿದರು, ಕಣ್ಣನ್ನು ನಕಲು ಮಾಡಿದರು, ಒಬ್ಬೊಬ್ಬರ ಧ್ವನಿಯನ್ನೂ ನಕಲು ಮಾಡಿದರು. ಒಂದು ಮನೆ ಬದುಕುವ ಸದ್ದನ್ನು ಇಡಿಯಾಗಿ ಯಾವ ಕಳ್ಳ ತಾನೇ ನಕಲು ಮಾಡಿಯಾನು? ಯಾವ ನಲ್ಲಿ ಎಷ್ಟು ಸೋರುತ್ತದೆ, ಯಾರು ಯಾರನ್ನು ಏನೆಂದು ಬೈಯುತ್ತಾರೆ, ಬೈದ ಮೇಲೆ ಯಾವ ಪಾತ್ರೆ ಕೆಳಗೆ ಬೀಳುತ್ತದೆ, ಅದೇ ಕೀಲಿಕೈ. ಕಳ್ಳರಿಗೆ ತಿಳಿಯಬಾರದೆಂದು ಕಂಪನಿ ಇದನ್ನು ಗುಟ್ಟಾಗಿ ಇಟ್ಟಿತ್ತು. ಎಷ್ಟು ಗುಟ್ಟು ಅಂದರೆ, ಸ್ವಂತ ಪಾಲನಾ ಕೇಂದ್ರಕ್ಕೇ ಹೇಳಿರಲಿಲ್ಲ.

ಫಕ್ಕೀರೇಶ ಪಡಸಾಲೆಗೆ ಬಂದು ಮೊಬೈಲಿಗೆ ಹೇಳಿದ, “ಸಾಹೇಬ್ರ, ಚಿಪ್ ಸರಿ ಐತಿ. ಡಬ್ಬಿಗೆ ಈ ಮನ್ಯಾಗಿನ ಜಗಳ ಬೇಕಾಗೈತಿ.”

ಹುಬ್ಬಳ್ಳಿಯಲ್ಲಿ ಇಪ್ಪತ್ತು ಕುರ್ಚಿಗಳೂ ಇತ್ತ ತಿರುಗಿದವು. ಒಬ್ಬ ಕಾಫಿ ಉಗುಳಿದ. ಅನಿರುದ್ಧ ಕಣ್ಣೊರೆಸಿಕೊಳ್ಳುತ್ತ ಕೇಳಿದ, “ಯಾವ ಕಾಲೇಜಿನಲ್ಲಿ ಕಲಿತೆಯಪ್ಪಾ ಇದನ್ನ?”

“ಬೆಟಗೇರ್ಯಾಗ್ರಿ,” ಎಂದು ಫಕ್ಕೀರೇಶ ಮೊಬೈಲಿನ ಸದ್ದನ್ನು ಪೂರಾ ಇಳಿಸಿದ. ಪರದೆಯಲ್ಲಿ ಇಪ್ಪತ್ತು ಬಾಯಿಗಳು ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿದವು.

ಆದರೆ ಮಾಸ್ತರರು ಕೆರಳಿದರು, ಅದೂ ಪುಸ್ತಕದ ಕನ್ನಡದಲ್ಲಿ. “ನಮ್ಮ ಗೃಹದಲ್ಲಿ ಕಲಹವೆಂಬುದೇ ಇಲ್ಲ. ಅಲ್ಲವೇ?”

“ಇಲ್ಲವೇ ಇಲ್ಲ,” ಎಂದಳು ದಾಕ್ಷಾಯಣಿ.

“ಸರ್ವಥಾ ಇಲ್ಲ,” ಎಂದಳು ನೀಲವ್ವ, ಸೆರಗು ಕಚ್ಚಿ.

“ಹಂಗಾರ ಇಲ್ಲದ್ದು ಒಂದೂವರಿ ನಿಮಿಷ ಮಾಡಿ ತೋರಸ್ರಿ,” ಎಂದ ಫಕ್ಕೀರೇಶ. “ಬಚ್ಚಲದಾಗ ಇದ್ದವರು ಸಂಜಿತನಕ ಅಲ್ಲೇ ಇರಬೇಕಾಕ್ಕೈತಿ.”

“ದಯವಿಟ್ಟು ಮಾಡ್ರಿ!” ಎಂದಿತು ಬಚ್ಚಲುಮನೆ.

ಫಕ್ಕೀರೇಶ ಗುಂಡಿ ಒತ್ತಿದ. ಮಾಸ್ತರರು ಕಣ್ಣಸನ್ನೆ ಮಾಡಿದರು. ದಾಕ್ಷಾಯಣಿ ಗಂಟಲು ಸರಿಮಾಡಿಕೊಂಡಳು.

“ಅತ್ತೆಯವರೇ, ನಿನ್ನೆಯ ಸಾರಿಗೆ ತಾವು ಉಪ್ಪನ್ನು ಸ್ವಲ್ಪ ಧಾರಾಳವಾಗಿ ಹಾಕಿದ್ದೀರೆಂದು ನನ್ನ ನಮ್ರ ಅಭಿಪ್ರಾಯ.”

“ತಪ್ಪು ನನ್ನದೇ ಮಗಳೇ. ಮುಂದೆ ತಿದ್ದಿಕೊಳ್ಳುವೆ.”

ಎರಡು ಗೆರೆ ತುಂಬಿದವು. “ಆಹಾ, ಎಂಥಾ ಮನಿ! ಎಂಥಾ ಮಾತು!” ಎಂದರು ಗುರಪ್ಪನವರು ಒಳಗಿಂದ. ಎರಡೂ ಗೆರೆ ಇಳಿದವು. ಕೆಂಪು ದೀಪ. ‘ಇನ್ನು ಒಂದು ಅವಕಾಶ.’

ಫಕ್ಕೀರೇಶ ಎದ್ದ. ಇನ್ನು ಯಾರ ಮಾತೂ ಕೇಳುವ ಹಾಗಿರಲಿಲ್ಲ. ಅಕ್ಕಪಕ್ಕದವರನ್ನು ಗೇಟಿನಾಚೆ ಅಟ್ಟಿದ; ಅವರು ಕಂಪೌಂಡಿನ ಮೇಲೆ ನಾಲ್ಕು ಗಡಿಗೆ ಸಾಲಾಗಿಟ್ಟಂತೆ ತಲೆಯಿಟ್ಟು ನಿಂತರು. ಒಲೆಬೂದಿ ತಂದು ಜೋಕಾಲಿಯ ಸರಪಳಿಗೆ ಎರಚಿ ಎಣ್ಣೆ ಒರೆಸಿದ. ಹಿತ್ತಲ ನಲ್ಲಿಯ ವಾಷರ್ ಕಿತ್ತು ಜೇಬಿಗೆ ಹಾಕಿಕೊಂಡ; ನಲ್ಲಿ ತೊಟ್‌ ತೊಟ್‌ ಅನ್ನತೊಡಗಿತು. ವಾರಿಜಾಕ್ಷಿ ಮೇಡಂ ಮುಂದೆ ಕೈ ಮುಗಿದ. “ಮೇಡಂ, ಏನಾದ್ರೂ ಆಗ್ಲಿ, ಬಾಯಿ ತಗೀಬ್ಯಾಡ್ರಿ. ಗುರಪ್ಪಣ್ಣಾರ, ನೀವು ಟವಲ್ ಬಾಯಾಗ ತುರಕ್ಕೋರಿ. ಡಬ್ಬಿಗೆ ಪರರ ಧ್ವನಿ ಕೇಳಿದ್ರ ಗೆರಿ ಇಳೀತಾವ. ಬೆಟಗೇರ್ಯಾಗ ನೋಡೇನಿ, ಎದ್ದಮ್ಯಾಲೂ ಒಂದ ತಾಸು ಅದರ ಕಿವಿ ಹಸೀ ಇರತಾವ, ಗೇಟಿನ ತನಕ ಕೇಳತೈತಿ. ಆವಾಗ ಪರರು ಮಾತಾಡಿದ್ರ ಮತ್ತ ಆರಿ ಇಟ್ಟಂಗಿ ಆಕ್ಕೈತಿ. ಮನೀಯವರು ಎಷ್ಟ ಬೇಕಾದ್ರೂ ಒದರ್ರಿ. ನಾವು ಮೂರು ಮಂದಿ ಮಾತ್ರ ಮೂಕರು.”

“ನಾವೇಕೆ ಒದರುತ್ತೇವೆ?” ಎಂದರು ಮಾಸ್ತರರು. “ಮೂವತ್ತೆಂಟು ವರ್ಷ ಮಕ್ಕಳಿಗೆ ಸಂಯಮ ಕಲಿಸಿದವನು ನಾನು.”

ಫಕ್ಕೀರೇಶ ಗುಂಡಿ ಒತ್ತಿದ. ಟೆಸ್ಟರನ್ನು ಹಲ್ಲಿನಲ್ಲಿ ಕಚ್ಚಿದ. ಹಿತ್ತಲ ಕೆಸರು ಮೆತ್ತಿದ ಕಾಲಿನಲ್ಲೇ ನಡೆದುಹೋಗಿ ಮಾಸ್ತರರ ಜೋಕಾಲಿಯ ಮೇಲೆ ಕೂತ. ಕೂತವನು ಕಾಲು ಮೇಲೆತ್ತಿ, ಬಿಳಿ ಹಾಸಿನ ಮೇಲಿಟ್ಟು, ಒಂದು ಜೀಕು ಜೀಕಿದ.

ಕಿರ್ರ್ ಎಂದಿತು ಸರಪಳಿ.

ಆ ಜೋಕಾಲಿಯ ಮೇಲೆ ಮಾಸ್ತರರ ಹೊರತು ಇನ್ನೊಂದು ಜೀವ ಕೂತದ್ದಿಲ್ಲ. ಮದುವೆಯಾದ ಹೊಸದರಲ್ಲಿ ನೀಲವ್ವ ಕೂಡ ಕೂತಿರಲಿಲ್ಲ. ಮಾಸ್ತರರ ಮುಖ ಬಿಳಿ, ಕೆಂಪು, ನೇರಳೆ ಮೂರೂ ಆಯಿತು. ಸಂಯಮ ಮೂವತ್ತೆಂಟು ವರ್ಷದ್ದಿರಬಹುದು; ಮುರಿಯಲು ಮೂರು ಜೀಕು ಸಾಕಾದವು.

“ಏಯ್! ಏಯ್ ಮಂಗ್ಯಾ! ಇಳೀಲೇ ಕೆಳಗ! ನಿಮ್ಮಪ್ಪ ಕಟ್ಟಿಸಿದ್ದೇನಲೇ ಜೋಕಾಲಿ?”

ಎರಡು ಗೆರೆ.

“ಅಯ್ಯ, ಕುಂತರ ಏನ್ ಸವದ ಹೋಕ್ಕೈತಿ?” ನೀಲವ್ವನ ಕಟ್ಟೆ ಒಡೆಯಿತು. “ನಲವತ್ತು ವರ್ಷ ನೀವ ಕುಂತೀರಿ. ಒಂದ ದಿನ ನನ್ನ ಕುಂಡ್ರಿಸೀರೇನು?”

“ನೀ ಸುಮ್ನಿರ!”

“ಮೂರು ದಿನಾ ಸುಮ್ನಿದ್ದೆ! ಹೊಟ್ಟಿ ಉಬ್ಬಿ ಡೊಳ್ಳಾಗೈತಿ!”

ಮೂರು ಗೆರೆ. ದಾಕ್ಷಾಯಣಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. “ಅತ್ತಿ, ನಿಮ್ಮ ಹೊಟ್ಟಿ ಉಬ್ಬಿದ್ದು ಮಾತಿಗಲ್ಲ. ಗಡಿಗ್ಯಾಗಿನ ಶೇಂಗಾ ಉಂಡಿ ಒಬ್ಬಾಕೀನ ಖಾಲಿ ಮಾಡೀರಲ್ಲ, ಅದಕ್ಕ!”

“ನಾ ತಿಂದೇನ? ನಿನ್ನ ಗಂಡ ತಿಂದಾನ!”

“ಅವರ ಸುದ್ದಿ ತಗೀಬ್ಯಾಡ್ರಿ! ಅವರು ಈ ಮನ್ಯಾಗ ಅದಾರ ಅನ್ನೂದ ಡಬ್ಬಿಗೂ ಗೊತ್ತಿಲ್ಲ!”

ಸೌಟು ಕೆಳಗೆ ಬಿತ್ತು. ನಾಲ್ಕು. ಐದು. ವಾರಿಜಾಕ್ಷಿ ಮೇಡಂ ಒಂದು ಕೈಯಿಂದ ಬಾಯಿ, ಇನ್ನೊಂದರಿಂದ ಮಾಪಕ ಹಿಡಿದು ಗೋಡೆಗೆ ಅಂಟಿದ್ದರು. ಮಾಪಕದ ಮುಳ್ಳು ಬಲಗಡೆಯ ಮೊಳೆಗೆ ತಾಗಿ ನಡುಗುತ್ತಿತ್ತು.

ಐದರಲ್ಲೇ ನಿಂತಿತು. ಫಕ್ಕೀರೇಶ ಡಬ್ಬಿ ನೋಡಿದ, ಮಾಸ್ತರರನ್ನು ನೋಡಿದ. ಕಾಲು ತಾಸಿನಂಥ ಒಂದೂವರೆ ನಿಮಿಷದಲ್ಲಿ ಉಳಿದದ್ದು ಮೂವತ್ತು ಸೆಕೆಂಡು. ಮಾಸ್ತರರ ಧ್ವನಿ ಇನ್ನೂ ಬೆಳಗಿನ ಎತ್ತರಕ್ಕೆ ಏರಿರಲಿಲ್ಲ. ಅವನು ಇನ್ನೊಂದು ಜೀಕು ಜೀಕಿದ.

“ನೋಡ್ರಿ, ಹೆಂಗ ಜೀಕತಾನ!” ಮಾಸ್ತರರು ಗಾಳಿಯಲ್ಲಿ ಬೆರಳು ಕುಣಿಸಿದರು. “ಇವನ ಕೈ ಆವತ್ತಿಂದನೂ ಹಿಂಗ! ಎಂಟನೇತ್ತದಾಗ ಸಾಲಿ ಗಂಟಿ ಬಿಚ್ಚಿ ಕೆಡಿಸಿದವ ಇವನ! ಅರ್ಧ ತಾಸು ಒದರಿತು ಗಂಟಿ! ಇಡೀ ಸಾಲಿ ಮುಂದ ಕಿವಿ ಹಿಡಿಸಿ ನಿಲ್ಲಿಸಿದೆ! ಗಂಟಿಗಳ್ಳ! ಹೌದೋ ಅಲ್ಲೋ, ಹೇಳಲೇ!”

ಆರು.

ಒಂಬತ್ತು ವರ್ಷದಿಂದ ಈ ಉತ್ತರವನ್ನು ಫಕ್ಕೀರೇಶ ಹೊತ್ತು ತಿರುಗಿದ್ದ. ಆ ಗಂಟೆ ದಿನಾಲೂ ಏಳು ನಿಮಿಷ ತಡವಾಗಿ ಬಾರಿಸುತ್ತಿತ್ತು. ಅವನು ಬಿಚ್ಚಿದ್ದು ಸರಿಮಾಡಲು. ಕೆಲಸದ ನಡುವೆ ಮಾಸ್ತರರು ಕಾಲರ್ ಹಿಡಿದು ಎಳೆದದ್ದಕ್ಕೆ ತಂತಿಗೆ ತಂತಿ ತಾಗಿ ಅದು ಒದರಿದ್ದು. ಅವತ್ತು ಸಂಜೆ, ಎಲ್ಲರೂ ಹೋದ ಮೇಲೆ, ಕಿಟಕಿಯಿಂದ ಒಳಗೆ ಹೋಗಿ ಉಳಿದ ಕೆಲಸ ಮುಗಿಸಿದ್ದ. ಮರುದಿನದಿಂದ ಸಾಲಿ ಮೆಟ್ಟಿಲು ಹತ್ತಿರಲಿಲ್ಲ. ಒಂಬತ್ತು ವರ್ಷ ಒಂದು ನಿಮಿಷ ತಪ್ಪದ ಆ ಗಂಟೆ ಅವನದು. ನಾಲ್ಕು ಮಾತು ಸಾಕಿತ್ತು.

ನಾಲ್ಕು ಮಾತಿಗೆ ಎರಡು ಗೆರೆ ಇಳಿಯುತ್ತಿದ್ದವು.

ಅವನು ಟೆಸ್ಟರನ್ನು ಕಚ್ಚಿದ. ಅದರ ಪ್ಲಾಸ್ಟಿಕ್ ಹಿಡಿ ಚಟ್ಟೆಂದು ಸೀಳಿತು.

“ಬಾಯಿಲ್ಲೇನಲೇ? ಉತ್ತರಾ ಕೊಡು!” ಮಾಸ್ತರರ ಧ್ವನಿ ಮಾಡಿಗೆ ಬಡಿಯಿತು. ಅದೇ ಧ್ವನಿ, ಬೆಳಗ್ಗೆ ಪೇಪರ್ ತಡವಾದಾಗ, ಚಹಾ ಆರಿದಾಗ, ಚಷ್ಮಾ ಮೂಗಿನ ಮೇಲೇ ಇದ್ದು ಸಿಗದಿದ್ದಾಗ ಓಣಿಗೆಲ್ಲ ಕೇಳುವ ಧ್ವನಿ.

ಏಳು. ಎಂಟು. ಡಬ್ಬಿ ಹಾಲು ಕಂಡ ಬೆಕ್ಕಿನ ಹಾಗೆ ಗುರುಗುಟ್ಟಿ ಎದ್ದಿತು. ಒಲೆ ಭಗ್ಗೆಂದು ಹತ್ತಿತು. ನೀರಿನ ಮೋಟಾರು ಶುರುವಾಯಿತು. ಬಚ್ಚಲುಮನೆಯ ಕೀಲಿ ಟಕ್ಕೆಂದು ತೆರೆದು, ಗುರಪ್ಪನವರು ಬಾಯಲ್ಲಿ ಟವಲಿನೊಂದಿಗೆ ಹೊರಬಂದರು. ಅವರು ಸೀದಾ ನೀಲವ್ವನ ಮುಂದೆ ಹೋಗಿ ಎರಡೂ ಕೈ ಎತ್ತಿ ಮುಗಿದರು. ಮನೆ ಶಾಂತವಾಗಲೆಂದು ಹೆಂಡತಿಯನ್ನು ತವರಿಗೆ ಕಳಿಸಿ, ಆಮೇಲೆ ಅವಳ ಬೈಗುಳಕ್ಕೆ ಹಂಬಲಿಸುವವರು ಹೀಗೇ ಮುಗಿಯುತ್ತಾರೆ. ವಾರಿಜಾಕ್ಷಿ ಮೇಡಂ ಸದ್ದಿಲ್ಲದೆ ಪಟ್ಟಿ ತೆಗೆದು, ಚನ್ನವೀರಪ್ಪನವರ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದರು. ಅದನ್ನು ಕಂಡ ನೀಲವ್ವ ಗಂಡನಿಗೆ ಇನ್ನಷ್ಟು ಬೈದಳು. ಒಂಬತ್ತನೆಯ ಗೆರೆ ತುಂಬಿತು.

ಮೊಬೈಲಿನಲ್ಲಿ ಅನಿರುದ್ಧ ಎದ್ದು ನಿಂತು ಬಾಯಿ ಆಡಿಸುತ್ತಿದ್ದ. ಅವನ ಹಿಂದೆ ಹತ್ತೊಂಬತ್ತು ಮಂದಿಯೂ ನಿಂತಿದ್ದರು. ಪರದೆಯ ಮೇಲೆ ಬರಹ ಮೂಡಿತು: ‘ಸರಿಯಾಗಿದೆ. ದೋಷ ಏನಿತ್ತು? ವರದಿಗೆ ಬೇಕು. ದಯವಿಟ್ಟು ತಿಳಿಸಿ.’ ಅದರ ಕೆಳಗೆ ಫಕ್ಕೀರೇಶನ ಲೈಸೆನ್ಸು, ಪಕ್ಕದಲ್ಲಿ ಹಸಿರು ಗುರುತು. ಅವನು ಹಸಿರು ಗುರುತನ್ನು ಎರಡು ಸಲ ನೋಡಿದ. ಮೊಬೈಲ್ ಮಡಚಿ ಜೇಬಿಗೆ ಹಾಕಿದ. ಜೋಕಾಲಿಯಿಂದ ಇಳಿದು, ಸೀಳಿದ ಟೆಸ್ಟರನ್ನು ಚೀಲಕ್ಕೆಸೆದು, ಚೀಲ ಹೆಗಲಿಗೇರಿಸಿದ.

ಮಾಸ್ತರರು ಬಿಡಲಿಲ್ಲ. ಫಲಕ ಹೋದ ಸಂಕಟ, ಹಾಸು ಕೊಳೆಯಾದ ಸಂಕಟ, ಮೂರು ದಿನದ ಪುಸ್ತಕದ ಕನ್ನಡ ಎಲ್ಲ ಸೇರಿ ಅವರನ್ನು ಅಂಗಳಕ್ಕೆ ತಂದವು. ಕಂಪೌಂಡಿನ ಮೇಲಿನ ನಾಲ್ಕು ತಲೆಗಳು ಇತ್ತ ತಿರುಗಿದವು.

“ಎಲ್ಲಿಗೆ ಹೊಂಟಿ? ನಿಂದರಲೇ! ಒಂಬತ್ತು ವರ್ಷ ಆತು. ಇವತ್ತರೆ ಹೇಳಿ ಹೋಗು. ಗಂಟಿ ಯಾಕ ಕೆಡಿಸಿದಿ?”

ಫಕ್ಕೀರೇಶ ಗೇಟು ತೆರೆದ. ಗ್ರೀಸ್ ಹಚ್ಚಿದ ಗೇಟು ಸದ್ದಿಲ್ಲದೆ ತೆರೆಯಿತು. ಒಂದು ಹೆಜ್ಜೆ, ಎರಡು ಹೆಜ್ಜೆ. ಡಬ್ಬಿಯ ಕಿವಿ ಇಲ್ಲಿಗೆ ಮುಗಿಯಿತು. ಇನ್ನು ಅವನು ಏನು ಬೇಕಾದರೂ ಹೇಳಬಹುದಿತ್ತು. ಅವನು ತಿರುಗಿದ. ಬಾಯಿ ತೆರೆದ.

ಊರಾಚೆಯ ಹೈಸ್ಕೂಲಿನಲ್ಲಿ ಗಂಟೆ ಬಾರಿಸಿತು.

ಮಾಸ್ತರರ ಬೆರಳು ಗಾಳಿಯಲ್ಲೇ ನಿಂತಿತು. ಕೈ ತಾನಾಗಿ ತಿರುಗಿತು. ಅವರು ಗಡಿಯಾರ ನೋಡಿದರು, ಒಂದಾಗುತ್ತ ಬಂದಿತ್ತು. ಗಡಿಯಾರ ಅರ್ಧ ನಿಮಿಷ ಹಿಂದಿತ್ತು. ಕೀಲಿ ಎಳೆದು, ಮುಳ್ಳನ್ನು ಗಂಟೆಗೆ ಸರಿಯಾಗಿ ಕೂಡಿಸಿ, ಮತ್ತೆ ತಲೆ ಎತ್ತಿ, “ಹೇಳಲೇ ಕಳ್ಳಾ!” ಎಂದರು.

ಓಣಿಯ ತಿರುವಿನಲ್ಲಿ ಚೀಲವೊಂದು ಹೆಗಲ ಮೇಲೆ ಕುಲುಕುತ್ತ ಹೋಗುತ್ತಿತ್ತು.